9 ವರ್ಷದ ಮಗಳಿಗೆ ಮೊದಲ ಎಂಟಿಬಿ (ಮೌಂಟನ್ ಬೈಕ್) ಟ್ರೇಲ್: ಬೆಂಗಳೂರಿನ ಸುತ್ತ ಯಾವುದು ಸರಿ, ಹೇಗೆ ಆರಿಸೋದು?

ಜಯನಗರದ_ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳಿಗೆ 9 ವರ್ಷ. 24 ಇಂಚು ಚಕ್ರದ ಗೇರ್ ಸೈಕಲ್ ಇದೆ. ಅಪಾರ್ಟ್‌ಮೆಂಟ್ ಒಳಗೆ ದಿನಾ ಸಂಜೆ ಓಡಿಸ್ತಾಳೆ, ಪಾರ್ಕಿನ ಮಣ್ಣು ದಾರಿಯಲ್ಲೂ ಚೆನ್ನಾಗಿ ಹೋಗ್ತಾಳೆ. ಈಗ ಕಾಡಿನಲ್ಲಿ, ಕಲ್ಲಿನ ದಾರಿಯಲ್ಲಿ ಹೋಗಬೇಕು ಅಂತ ಹಟ. ನನಗೂ ಖುಷಿನೇ.

ಆಫೀಸಿನ ಸ್ನೇಹಿತರ ಗುಂಪು ಭಾನುವಾರ ನಂದಿಬೆಟ್ಟಕ್ಕೆ ಹೋಗುತ್ತೆ, ಕರೆದುಕೊಂಡು ಬಾ ಅಂತಾರೆ. ಇನ್ನೊಬ್ಬರು ದಕ್ಷಿಣ ಬೆಂಗಳೂರಿನ ತುರಹಳ್ಳಿ ಕಾಡು ಅಂತಾರೆ. ಮತ್ತೊಬ್ಬರು ಯಲಹಂಕದ ಆಚೆ ಆವಲಹಳ್ಳಿ ಅಂತಾರೆ. ವಿಡಿಯೊ ನೋಡಿದರೆ ಎಲ್ಲವೂ ಸುಲಭ ಅನ್ನಿಸುತ್ತೆ. ಆದರೆ ಅದರಲ್ಲಿ ಓಡಿಸುವವರೆಲ್ಲ ದೊಡ್ಡವರು. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋದವರು ಹೇಳಿ: ಯಾವ ಟ್ರೇಲ್? ಎಷ್ಟು ದೂರ? ನಾನು ಏನು ನೋಡಬೇಕು?

ಮಣ್ಣುದಾರಿ

ಸರ್, ನಾನು ದಕ್ಷಿಣ ಬೆಂಗಳೂರಲ್ಲೇ ಇರೋದು. ನನ್ನ ಇಬ್ಬರು ಮಕ್ಕಳನ್ನೂ, ಅವರ ಸ್ನೇಹಿತರನ್ನೂ ಟ್ರೇಲ್‌ಗೆ ಕರೆದುಕೊಂಡು ಹೋಗ್ತೀನಿ. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ನಂದಿಬೆಟ್ಟವನ್ನು ಪಟ್ಟಿಯಿಂದ ತೆಗೆದುಬಿಡಿ. ಅದು ಡಾಂಬರು ರಸ್ತೆ, ಟ್ರೇಲ್ ಅಲ್ಲವೇ ಅಲ್ಲ. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಹತ್ತೋದು ಒಂದು ಕಷ್ಟ, ಆದರೆ ಮಗುವಿಗೆ ನಿಜವಾದ ತೊಂದರೆ ಇಳಿಯುವಾಗ. ತಿರುವು ಮೇಲೆ ತಿರುವು, ಭಾನುವಾರ ಬೆಳಿಗ್ಗೆ ಕಾರು, ಬೈಕುಗಳ ಸಾಲು. ಅಷ್ಟು ಉದ್ದದ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇರೋಕೆ 9 ವರ್ಷದ ಮಗುವಿನ ಬೆರಳಲ್ಲಿ ಶಕ್ತಿ ಇರಲ್ಲ.

ಇನ್ನು ಟ್ರೇಲ್ ವಿಷಯ. ಎಲ್ಲರೂ ಮೊದಲು ಕೇಳೋದು ಎಷ್ಟು ಕಿಲೋಮೀಟರ್ ಅಂತ. ದೂರ ಮುಖ್ಯವಲ್ಲ. ಆ ದಾರಿಯಲ್ಲಿ ಅತಿ ಕಷ್ಟದ ಜಾಗ ಯಾವುದು ಅಂತ ಕೇಳಿ. 4 ಕಿಲೋಮೀಟರ್ ದಾರಿಯಲ್ಲಿ ಮುಕ್ಕಾಲು ಪಾಲು ಆರಾಮಾಗಿದ್ದು, ನಡುವೆ ಹತ್ತೇ ಅಡಿ ಕಡಿದಾದ ಸಡಿಲ ಇಳಿಜಾರು ಇದ್ದರೆ, ಮಗುವಿನ ಪಾಲಿಗೆ ಇಡೀ ದಾರಿಯೇ ಕಷ್ಟದ್ದು. ಅವಳು ಬೀಳೋದು ಆ ಹತ್ತು ಅಡಿಯಲ್ಲೇ. ಮನೆಗೆ ಬಂದ ಮೇಲೆ ನೆನಪಲ್ಲಿ ಉಳಿಯೋದೂ ಅದೇ.

ಹಾಗಾಗಿ ಮಗಳನ್ನು ಕರೆದುಕೊಂಡು ಹೋಗುವ ಮುಂಚಿನ ವಾರ ನೀವು ಒಬ್ಬರೇ ಹೋಗಿ ನಡೆದು ಬನ್ನಿ. ಸೈಕಲ್ ಬೇಡ, ನಡೆದೇ ನೋಡಿ. ಸೈಕಲ್ ಮೇಲೆ ನಮಗೆ ಕಾಣದ ಎಷ್ಟೋ ವಿಷಯ ನಡೆಯುವಾಗ ಕಾಣುತ್ತೆ. ಇಳಿಜಾರು ಮುಗಿದ ಮೇಲೆ ಏನಿದೆ? ಸಮತಟ್ಟು ಜಾಗ ಇದ್ದರೆ ಬ್ರೇಕ್ ತಪ್ಪಿದರೂ ಸೈಕಲ್ ತಾನೇ ನಿಲ್ಲುತ್ತೆ. ಅಲ್ಲೇ ತಿರುವು ಇದ್ದು, ಆ ತಿರುವಿನಲ್ಲಿ ನೀಲಗಿರಿ ಮರ ಇದ್ದರೆ ಆ ದಾರಿ ಬೇಡ. ದಾರಿ ಬಿಟ್ಟು ಪಕ್ಕಕ್ಕೆ ಬಿದ್ದರೆ ಎಲ್ಲಿಗೆ ಬೀಳ್ತಾಳೆ? ಹುಲ್ಲಿನ ಮೇಲಾ, ಲಂಟಾನ ಪೊದೆಗಾ, ಹಳ್ಳಕ್ಕಾ? ನಡುವೆ ಸಾಕು ಅನ್ನಿಸಿದರೆ ವಾಪಸ್ ಬರೋಕೆ ಹತ್ತಿರದ ದಾರಿ ಇದೆಯಾ? ಮೊಬೈಲ್ ಸಿಗ್ನಲ್ ಬರುತ್ತಾ?

ಇಷ್ಟು ನೋಡಿದರೆ ನಮ್ಮೆಲ್ಲರ ಉತ್ತರಕ್ಕಿಂತ ನಿಮಗೇ ಚೆನ್ನಾಗಿ ಗೊತ್ತಾಗುತ್ತೆ.

ಬನಶಂಕರಿ_ರೈಡರ್

ಅಕ್ಕ, ಮಕ್ಕಳನ್ನು ತೀರಾ ಹೆದರಿಸಿ ಬೆಳೆಸೋದೂ ಒಳ್ಳೇದಲ್ಲ ಅಂತ ನನ್ನ ಅಭಿಪ್ರಾಯ. ನಾನು ತುರಹಳ್ಳಿಯಲ್ಲೇ ಕಲಿತವನು. ಬಿದ್ದಿದ್ದೀನಿ, ಎದ್ದಿದ್ದೀನಿ. ಸುಲಭದ ದಾರಿಯಲ್ಲೇ ಸುತ್ತಿಸಿದರೆ ಮಗು ಕಲಿಯೋದು ಯಾವಾಗ? ಹೆಲ್ಮೆಟ್, ಮೊಣಕಾಲಿನ ಪ್ಯಾಡ್ ಹಾಕಿಸಿ ಸೀದಾ ತುರಹಳ್ಳಿಗೆ ಕರೆದುಕೊಂಡು ಹೋಗಿ ಸರ್. ಜಯನಗರದಿಂದ ಹತ್ತಿರ ಬೇರೆ.

ಮಣ್ಣುದಾರಿ

ತಮ್ಮಾ, ತುರಹಳ್ಳಿ ನನಗೂ ಇಷ್ಟ. ಆದರೆ ನೀನು ಕಲಿತಾಗ ನಿನಗೆ ಎಷ್ಟು ವಯಸ್ಸು? ದೊಡ್ಡವರು ಬಿದ್ದರೆ ಯಾಕೆ ಬಿದ್ದೆ ಅಂತ ಯೋಚನೆ ಮಾಡಿ ಮತ್ತೆ ಹೋಗ್ತೀವಿ. 9 ವರ್ಷದ ಮಗು ಮೊದಲ ದಿನವೇ ಜೋರಾಗಿ ಬಿದ್ದರೆ ಸೈಕಲ್ ಮೂಲೆ ಸೇರುತ್ತೆ. ಇದನ್ನು ನಾನು ಕಣ್ಣಾರೆ ನೋಡಿದ್ದೀನಿ. ಗೇಟಿಂದ ಖುಷಿಯಾಗಿ ಒಳಗೆ ಹೋದ ಹುಡುಗ ಒಂದು ಬಂಡೆಯ ಇಳಿಜಾರಲ್ಲಿ ಜಾರಿದ. ಗಾಯ ಅಂಥದ್ದೇನಲ್ಲ, ಅಂಗೈ ತರಚಿತ್ತು ಅಷ್ಟೆ. ಆಮೇಲೆ ಎಷ್ಟು ಕರೆದರೂ ಮತ್ತೆ ಬರಲಿಲ್ಲ.

ತುರಹಳ್ಳಿಯ ನೆಲ ಹೇಗಿದೆ ಅಂತ ನಿನಗೆ ಗೊತ್ತೇ ಇದೆ. ಕೆಳಗೆ ಗಟ್ಟಿ ಕೆಂಪು ಮಣ್ಣು, ಅದರ ಮೇಲೆ ಸಣ್ಣ ಗರಸು. ಬೇಸಿಗೆಯಲ್ಲಿ ಇಳಿಜಾರಲ್ಲಿ ಬ್ರೇಕ್ ಹಿಡಿದರೆ ಹರಡಿದ ರಾಗಿ ಕಾಳಿನ ಮೇಲೆ ಕಾಲಿಟ್ಟ ಹಾಗೆ ಚಕ್ರ ಜಾರುತ್ತೆ. ನಡುನಡುವೆ ಗ್ರಾನೈಟ್ ಬಂಡೆ. ಅಲ್ಲಿಯ ಅಗಲ ದಾರಿಗಳು ಮಕ್ಕಳಿಗೆ ಸರಿ. ಬಂಡೆ ಹತ್ತಿ ಇಳಿಯುವ ಕಾಲುದಾರಿಗಳು ಈಗಲೇ ಬೇಡ. ಒಂದೇ ಕಾಡಿನಲ್ಲಿ ಎರಡೂ ಇವೆ. ಸುಮ್ನೆ ತುರಹಳ್ಳಿ ಅಂತ ಹೇಳಿದರೆ ಸಾಲದು, ತುರಹಳ್ಳಿಯ ಯಾವ ದಾರಿ ಅಂತ ಹೇಳಬೇಕು.

ಸಮಾಮಿಶ್_ಕನ್ನಡತಿ

ನಮಸ್ಕಾರ, ನಾನು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಪಕ್ಕದ ಸಮಾಮಿಶ್‌ನಲ್ಲಿ ಇರೋದು. ನಮ್ಮ ಮನೆ ಹತ್ತಿರ ಡತೀ ಹಿಲ್ ಅಂತ ಒಂದು ಎಂಟಿಬಿ ಪಾರ್ಕ್ ಇದೆ. 120 ಎಕರೆ ಕಾಡು, 2010ರಲ್ಲಿ ಶುರುವಾಗಿದ್ದು. ಕೌಂಟಿಯವರೂ ಸ್ವಯಂಸೇವಕರೂ ಸೇರಿ ಕಟ್ಟಿದ್ದಾರೆ. ಅಲ್ಲಿ ಪ್ರತಿ ಟ್ರೇಲ್ ಶುರುವಿನಲ್ಲೂ ಬಣ್ಣದ ಗುರುತಿನ ಬೋರ್ಡ್ ಇರುತ್ತೆ. ಹೊಸಬರು, ಚಿಕ್ಕ ಮಕ್ಕಳು ಬೂಟ್‌ಕ್ಯಾಂಪ್ ಅನ್ನೋ ಹಸಿರು ಟ್ರೇಲ್‌ನಿಂದ ಶುರು ಮಾಡ್ತಾರೆ. ಅಲ್ಲಿ ಕೈ ಪಳಗಿದ ಮೇಲೆ ನೀಲಿ.

ಆ ಬಣ್ಣದ ಹಿಂದೆ ಅಳತೆ ಇದೆ. ಐಎಂಬಿಎ ಅಂತ ಮೌಂಟನ್ ಬೈಕ್ ಸವಾರರ ಅಂತರರಾಷ್ಟ್ರೀಯ ಸಂಘ ಮಾಡಿದ ಪದ್ಧತಿ ಅದು. ಸರಿಸುಮಾರು ಹೀಗಿದೆ: ಹಸಿರು ಅಂದರೆ ದಾರಿಯ ಅಗಲ ಕನಿಷ್ಠ 3 ಅಡಿ, ನೆಲ ಗಟ್ಟಿ, ಸರಾಸರಿ ಇಳಿಜಾರು ಶೇ. 5ರ ಒಳಗೆ, ಎಲ್ಲೂ ಶೇ. 15 ದಾಟಬಾರದು. ತಪ್ಪಿಸಿಕೊಂಡು ಹೋಗಲಾಗದ ಕಲ್ಲು, ಬೇರು ಇದ್ದರೆ ಎತ್ತರ 2 ಇಂಚಿನ ಒಳಗಿರಬೇಕು. ನೀಲಿ ಅಂದರೆ ಅಗಲ 2 ಅಡಿಗೆ ಇಳಿಯುತ್ತೆ, ಸರಾಸರಿ ಇಳಿಜಾರು ಶೇ. 10ರವರೆಗೆ, ಅಡ್ಡ ಬರುವ ಕಲ್ಲು, ಬೇರು 8 ಇಂಚಿನವರೆಗೆ. ಕಪ್ಪು ಅಂದರೆ ಒಂದಡಿ ಅಗಲದ ಜಾಡು, 15 ಇಂಚಿನವರೆಗೆ ಕಲ್ಲು.

ಹಸಿರಿಗೂ ನೀಲಿಗೂ ಎಷ್ಟು ಅಂತರ ನೋಡಿ. 2 ಇಂಚಿನ ಕಲ್ಲನ್ನು ಚಕ್ರ ತಾನೇ ದಾಟುತ್ತೆ. 8 ಇಂಚಿನ ಕಲ್ಲು ದಾಟಬೇಕು ಅಂದರೆ ಮುಂದಿನ ಚಕ್ರ ಎತ್ತೋಕೆ ಬರಬೇಕು, ಮೈಭಾರ ಹಿಂದೆ ಮುಂದೆ ಮಾಡೋಕೆ ಗೊತ್ತಿರಬೇಕು. ಅದಕ್ಕೇ ಇಲ್ಲಿ ಕೆಲವು ಮಕ್ಕಳು ತಿಂಗಳುಗಟ್ಟಲೆ ಹಸಿರಿನಲ್ಲೇ ಇರ್ತಾರೆ. ಯಾರೂ ಅದನ್ನು ಕಡಿಮೆ ಅಂತ ನೋಡಲ್ಲ.

ಒಂದು ಎಚ್ಚರಿಕೆ. ಬ್ರಿಟನ್‌ನಲ್ಲಿ ಹಸಿರು, ನೀಲಿ, ಕೆಂಪು, ಕಪ್ಪು ಅಂತ ನಾಲ್ಕು ಮೆಟ್ಟಿಲು. ಇಲ್ಲಿ ನಡುವೆ ಕೆಂಪು ಇಲ್ಲ. ಹಾಗಾಗಿ ಇಂಟರ್‌ನೆಟ್‌ನಲ್ಲಿ ಬಣ್ಣ ನೋಡಿದಾಗ ಯಾವ ದೇಶದ್ದು ಅಂತಲೂ ನೋಡಿ.

ಜಯನಗರದ_ಅಪ್ಪ

ತುಂಬಾ ಉಪಯೋಗ ಆಯ್ತು ಮೇಡಂ. ಆದರೆ ಇಲ್ಲಿ ಅಂಥ ಬೋರ್ಡ್ ಯಾವ ಕಾಡಲ್ಲಿ ಇದೆ? ಶೇ. 5, ಶೇ. 15 ಅಂತ ನಾನು ಅಳೆಯೋದು ಹೇಗೆ?

ಗದಗದ_ಗುಡ್ಡ

ಸರ್, ಅಳೆಯೋದು ಬಹಳ ಸುಲಭ. 10 ಅಡಿ ಮುಂದೆ ಹೋದಾಗ 1 ಅಡಿ ಕೆಳಗೆ ಇಳಿದರೆ ಅದು ಶೇ. 10. ಫೋನಿನಲ್ಲಿ ಮಟ್ಟ ನೋಡುವ ಆ್ಯಪ್ ಇರುತ್ತೆ. ಒಂದು ಉದ್ದನೆ ನೇರ ಕೋಲನ್ನು ದಾರಿ ಮೇಲಿಟ್ಟು ಅದರ ಮೇಲೆ ಫೋನ್ ಇಡಿ. 3 ಡಿಗ್ರಿ ತೋರಿಸಿದರೆ ಸುಮಾರು ಶೇ. 5. 6 ಡಿಗ್ರಿ ಅಂದರೆ ಸುಮಾರು ಶೇ. 10. 8 ಡಿಗ್ರಿ ದಾಟಿದರೆ ಮೊದಲ ದಿನದ ಮಗುವಿಗೆ ಆ ಜಾಗದಲ್ಲಿ ಇಳಿದು ತಳ್ಳಿಕೊಂಡು ಬಾ ಅಂತ ಹೇಳಿ.

ಇನ್ನೊಂದು ಮಾತು. ನಮ್ಮ ಕಡೆ ಗುಡ್ಡದಲ್ಲಿ ಸೈಕಲ್ ಹೊಸದೇನಲ್ಲ. 2022ರಲ್ಲಿ ರಾಷ್ಟ್ರಮಟ್ಟದ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಡೆದಿದ್ದು ನಮ್ಮ ಗದಗದಲ್ಲೇ. ಅದನ್ನು ನೋಡಿದ ಮೇಲೆ ಇಲ್ಲಿಯ ಮಕ್ಕಳಿಗೂ ಹುಮ್ಮಸ್ಸು ಬಂದಿದೆ. ಆದರೆ ರೇಸ್ ಟ್ರ್ಯಾಕ್ ಬೇರೆ, ಮಕ್ಕಳು ಕಲಿಯೋ ದಾರಿ ಬೇರೆ. ರೇಸ್ ನಡೆದ ಜಾಗ ಅಂತ ಚಿಕ್ಕವರನ್ನು ಸೀದಾ ಅಲ್ಲಿಗೆ ಇಳಿಸಬಾರದು. ನಾವು ಮಕ್ಕಳಿಗೆ ಮೊದಲು ಹೊಲದ ಬಂಡಿ ದಾರಿ ತೋರಿಸ್ತೀವಿ. ಎರಡು ಗಾಲಿ ಜಾಡು, ನಡುವೆ ಹುಲ್ಲು. ಒಂದು ಜಾಡು ಹಿಡಿದು ಕೊನೆವರೆಗೂ ತಪ್ಪದೆ ಹೋಗು ಅಂತ ಹೇಳ್ತೀವಿ. ಸಿಂಗಲ್ ಟ್ರ್ಯಾಕ್‌ಗೆ, ಅಂದರೆ ಒಂದೇ ಸೈಕಲ್ ಹೋಗುವಷ್ಟು ಕಿರಿದಾದ ದಾರಿಗೆ, ಬೇಕಾದ ನೋಟ ಅಲ್ಲೇ ಬರುತ್ತೆ. ಜಾಡು ತಪ್ಪಿದರೆ ಹುಲ್ಲಿಗೆ ಹೋಗ್ತಾರೆ ಅಷ್ಟೆ, ಪೆಟ್ಟಾಗಲ್ಲ.

ಮಣ್ಣು ನೋಡೋದನ್ನು ಮರೀಬೇಡಿ. ಎರೆ ಮಣ್ಣಿನ ದಾರಿ ಬೇಸಿಗೆಯಲ್ಲಿ ಗಟ್ಟಿ. ಒಂದು ಮಳೆ ಬಿತ್ತೋ, ಚಕ್ರಕ್ಕೂ ಫೋರ್ಕಿಗೂ ನಡುವೆ ಮಣ್ಣು ತುಂಬಿ ಚಕ್ರ ತಿರುಗೋದೇ ನಿಲ್ಲುತ್ತೆ. ದೊಡ್ಡವರೇ ಹೊತ್ತುಕೊಂಡು ಬರಬೇಕು. ಮಸಾರಿ (ಕೆಂಪು ಮಣ್ಣಿನ) ನೆಲ ಆದರೆ ಮಳೆ ನಿಂತು ಒಂದು ದಿನಕ್ಕೆ ಓಡಿಸಬಹುದು. ಬೆಂಗಳೂರು ಕಡೆ ನಿಮಗೆ ಕೆಂಪು ಮಣ್ಣೇ ಸಿಗೋದು, ಅದೃಷ್ಟ. ಸಣ್ಣ ಮಳೆ ಬಂದ ಮಾರನೇ ದಿನ ಗರಸು ಕೂತಿರುತ್ತೆ, ಹಿಡಿತ ಚೆನ್ನಾಗಿರುತ್ತೆ. ಮಗುವಿನ ಮೊದಲ ಸವಾರಿಗೆ ಅಂಥ ದಿನವೇ ಒಳ್ಳೇದು.

ಮಣ್ಣುದಾರಿ

ಕೋಲಿನ ಉಪಾಯ ಚೆನ್ನಾಗಿದೆ, ನಾನೂ ಮಾಡ್ತೀನಿ.

ಸರ್, ಈಗ ಜಾಗದ ಬಗ್ಗೆ. ಆವಲಹಳ್ಳಿ ಕಾಡು ದೊಡ್ಡಬಳ್ಳಾಪುರ ರಸ್ತೆ ಕಡೆ, ಯಲಹಂಕ ದಾಟಿ ಸಿಗುತ್ತೆ. ಬೆಂಗಳೂರಿನ ಎಂಟಿಬಿ ಸವಾರರು ಬಹಳ ವರ್ಷಗಳಿಂದ ಓಡಿಸುವ ಜಾಗ. ಮರಗಳ ನಡುವೆ ಸುತ್ತುವ ದಾರಿಗಳಿವೆ, ಕಲ್ಲಿನ ದಿಬ್ಬಗಳೂ ಇವೆ. ನಿಮ್ಮ ಮಗಳಿಗೆ ಮರಗಳ ನಡುವಿನ ಸುತ್ತು ಸಾಕು. ದಿಬ್ಬಕ್ಕೆ ನಡೆದುಕೊಂಡು ಹತ್ತಿ ಬನ್ನಿ, ಸೈಕಲ್ ಬೇಡ. ಜಯನಗರದಿಂದ ಊರು ದಾಟಿ ಹೋಗಬೇಕು ಅನ್ನೋದೊಂದೇ ಕಷ್ಟ. ಮಗು ಕಾರಲ್ಲೇ ಸುಸ್ತಾಗದ ಹಾಗೆ ಬೆಳಿಗ್ಗೆ ಬೇಗ ಹೊರಡಿ.

ಮಕ್ಕಳಿಗೆ ಒಂದು ಉದ್ದನೆ ದಾರಿಗಿಂತ ಒಂದು ಸಣ್ಣ ಸುತ್ತು ನೂರು ಪಾಲು ವಾಸಿ. 1 ಕಿಲೋಮೀಟರಿನ ಸುತ್ತು ಹುಡುಕಿ, ಅದನ್ನೇ ಮತ್ತೆ ಮತ್ತೆ ಹೋಗಲಿ. ಮೊದಲ ಸುತ್ತು ನೋಡೋಕೆ. ಎರಡನೇ ಸುತ್ತಿನಲ್ಲಿ ಇಲ್ಲಿ ಬೇರು ಬರುತ್ತೆ ಅಂತ ಅವಳಿಗೇ ನೆನಪಾಗುತ್ತೆ. ಮೂರನೆಯದರಲ್ಲಿ ಬ್ರೇಕ್ ಬಿಟ್ಟು ನೋಡ್ತಾಳೆ. ಆ ಧೈರ್ಯ ಬರೋದು ಪರಿಚಯದ ದಾರಿಯಲ್ಲೇ. ಉದ್ದನೆ ದಾರಿಯಲ್ಲಿ ಪ್ರತಿ ತಿರುವೂ ಹೊಸದು. ಇನ್ನೂ ಎಷ್ಟು ದೂರ ಅನ್ನೋ ಚಿಂತೆ ಬೇರೆ. ಸುತ್ತು ಆದರೆ ಕಾರು ಯಾವಾಗಲೂ ಹತ್ತಿರದಲ್ಲೇ ಇರುತ್ತೆ. ನೀರು, ತಿಂಡಿ, ಬಾತ್‌ರೂಮ್ ಎಲ್ಲ ವಿಷಯಕ್ಕೂ ಅದು ಅನುಕೂಲ. ಹೆಣ್ಣುಮಕ್ಕಳಿಗಂತೂ ಇದು ಸಣ್ಣ ವಿಷಯ ಅಲ್ಲ.

ಕಾಡಿನ_ಕಾನೂನು

ಒಂದು ವಿಷಯ ಯಾರೂ ಹೇಳಲಿಲ್ಲ. ದಯವಿಟ್ಟು ಅನುಮತಿ ಕೇಳಿ ಹೋಗಿ. ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ನುಗ್ಗೋದು ಅಪರಾಧ. ನಗರದ ಅಂಚಿನ ಕಾಡುಗಳಲ್ಲಿ ಸಮಯ, ಸೈಕಲ್ ಬಿಡುವ ದಾರಿ ಇವೆಲ್ಲ ಆಗಾಗ ಬದಲಾಗುತ್ತೆ. ಹಿಂದಿನ ದಿನವೇ ಗೇಟಿನಲ್ಲೋ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲೋ ಕೇಳಿಕೊಳ್ಳಿ. ಬೇಲಿ ಮುರಿದ ಜಾಗದಿಂದ ಒಳಗೆ ಹೋಗೋದನ್ನು ಮಗುವಿಗೆ ಕಲಿಸಬೇಡಿ.

ಬನ್ನೇರುಘಟ್ಟದ ಕಡೆ, ಕಗ್ಗಲೀಪುರದ ಆಚೆ ಕಾಡಂಚಿನ ಮಣ್ಣು ದಾರಿಗಳು ನೋಡೋಕೆ ಬಹಳ ಚೆಂದ. ಆದರೆ ಅಲ್ಲಿ ಆನೆ ಓಡಾಡುತ್ತೆ. ರಾಮನಗರ, ಸಾವನದುರ್ಗದ ಬಂಡೆಗಳ ಸುತ್ತ ಚಿರತೆ, ಕರಡಿ ಇವೆ. ನಸುಕಿನಲ್ಲಿ, ಸಂಜೆಗತ್ತಲಲ್ಲಿ ಮಕ್ಕಳನ್ನು ಅಂಥ ಕಡೆ ಕರೆದುಕೊಂಡು ಹೋಗಲೇಬಾರದು. ಸೈಕಲ್ ಸದ್ದು ಮಾಡಲ್ಲ, ತಿರುವಿನಲ್ಲಿ ಪ್ರಾಣಿಗೂ ನಮಗೂ ಒಟ್ಟಿಗೇ ಗಾಬರಿ. ಬೆಳಕು ಚೆನ್ನಾಗಿ ಹರಿದ ಮೇಲೆ, ಜನ ವಾಕಿಂಗ್ ಮಾಡುವ ಜಾಗದಲ್ಲಿ, ಮಾತಾಡ್ತಾ ಹೋಗಿ.

ಬಂಡೆ, ನೀಲಗಿರಿ ಇರುವ ಕಡೆ ಹೆಜ್ಜೇನು ಗೂಡು ಇದೆಯಾ ಅಂತ ತಲೆ ಎತ್ತಿ ನೋಡಿ. ಹಾವು ಕಚ್ಚಿದರೆ ಮದ್ದು, ಕಟ್ಟು ಅಂತ ಹೊತ್ತು ಕಳೀಬೇಡಿ. ಕಚ್ಚಿದ ಕೈಕಾಲು ಅಲ್ಲಾಡಿಸದೆ ಸೀದಾ ಆಸ್ಪತ್ರೆಗೆ ಹೋಗಿ, 108ಕ್ಕೆ ಫೋನ್ ಮಾಡಿ. ಇದು ಹೆದರಿಸೋಕೆ ಹೇಳ್ತಿರೋದಲ್ಲ. ಮಗುವಿನ ಜೊತೆ ಹೋಗುವ ದೊಡ್ಡವರಿಗೆ ಇಷ್ಟು ಗೊತ್ತಿರಬೇಕು.

ಮೈಸೂರಿನ_ಮೆಕ್ಯಾನಿಕ್

ನನ್ನ ಕೆಲಸ ಸೈಕಲ್ ರಿಪೇರಿ. ಟ್ರೇಲ್ ಆರಿಸುವ ಮುಂಚೆ ಸೈಕಲ್ ನೋಡಿ ಸರ್, ಯಾಕೆಂದರೆ ಯಾವ ಟ್ರೇಲ್ ಆಗುತ್ತೆ ಅನ್ನೋದನ್ನು ಅರ್ಧ ಅದೇ ತೀರ್ಮಾನ ಮಾಡುತ್ತೆ.

ನಮ್ಮಲ್ಲಿ ಸಿಗುವ ಎಷ್ಟೋ ಮಕ್ಕಳ ಗೇರ್ ಸೈಕಲ್ ಕಬ್ಬಿಣದ ಫ್ರೇಮು. 24 ಇಂಚಿನದು 14, 15 ಕೆ.ಜಿ. ತೂಗುತ್ತೆ. ಮಗಳ ತೂಕ 28, 30 ಕೆ.ಜಿ. ಇರಬಹುದು. ಅಂದರೆ ತನ್ನ ತೂಕದ ಅರ್ಧ ಭಾರದ ಸೈಕಲ್ಲನ್ನು ಏರಿನಲ್ಲಿ ತುಳೀಬೇಕು. ನೀವು 70 ಕೆ.ಜಿ. ಇದ್ದು 35 ಕೆ.ಜಿ. ಸೈಕಲ್ ತುಳಿದು ನೋಡಿ, ಗೊತ್ತಾಗುತ್ತೆ. ಹಾಗಾಗಿ ಏರು ಕಡಿಮೆ ಇರುವ ದಾರಿ ನೋಡಿ. ಇಳಿಜಾರಿಗಿಂತ ಏರೇ ಮಕ್ಕಳನ್ನು ಬೇಗ ಸುಸ್ತು ಮಾಡೋದು. ಸುಸ್ತಾದ ಮೇಲೆ ಇಳಿಜಾರಲ್ಲಿ ಬೀಳ್ತಾರೆ.

ಬ್ರೇಕ್ ಲಿವರ್ ಕೈಗೆ ಎಟುಕುತ್ತಾ ನೋಡಿ. ಒಂದು ಬೆರಳು ಅಥವಾ ಎರಡು ಬೆರಳಿನಿಂದ ಹಿಡಿದು ಚಕ್ರ ನಿಲ್ಲಿಸೋಕೆ ಆಗಬೇಕು. ಲಿವರ್ ಬುಡದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತೆ. ಅದನ್ನು ಒಳಗೆ ತಿರುಗಿಸಿದರೆ ಲಿವರ್ ಹ್ಯಾಂಡಲ್ ಹತ್ತಿರ ಬರುತ್ತೆ. ಬಹಳ ಅಪ್ಪ ಅಮ್ಮಂದಿರಿಗೆ ಇದು ಗೊತ್ತೇ ಇಲ್ಲ. ಐದು ನಿಮಿಷದ ಕೆಲಸ, ಮಗುವಿನ ಧೈರ್ಯ ಎರಡರಷ್ಟಾಗುತ್ತೆ. ಮುಂದಿನ ಬ್ರೇಕ್ ಯಾವ ಕೈಯದು ಅಂತ ಅವಳಿಗೆ ಹೇಳಿಕೊಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಮುಂದಿನದು, ಆದರೆ ಎಲ್ಲ ಸೈಕಲ್ಲಿನಲ್ಲೂ ಹಾಗೇ ಇರಲ್ಲ. ಒಂದು ಸಲ ಹಿಡಿದು ತೋರಿಸಿ.

ಗಾಳಿ ಗಟ್ಟಿಯಾಗಿ ತುಂಬಿಸಬೇಡಿ. ಪಂಪಿನವರು ಸುಮ್ನೆ 40, 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೊಡೆದುಬಿಡ್ತಾರೆ. 2 ಇಂಚು ಅಗಲದ ಟೈರ್, 30 ಕೆ.ಜಿ. ಮಗು ಅಂದರೆ 25 ಪಿಎಸ್‌ಐ ಆಸುಪಾಸು ಸಾಕು. ಟೈರ್ ಪಕ್ಕದಲ್ಲಿ ಕನಿಷ್ಠ ಎಷ್ಟು ಅಂತ ಬರೆದಿದ್ದರೆ, ಅದಕ್ಕಿಂತ ಕೆಳಗೆ ಹೋಗಬೇಡಿ. ಗಟ್ಟಿ ಟೈರ್ ಪ್ರತಿ ಕಲ್ಲಿಗೂ ಪುಟಿಯುತ್ತೆ. ಗಾಳಿ ಸ್ವಲ್ಪ ಕಡಿಮೆ ಇದ್ದರೆ ನೆಲಕ್ಕೆ ಕೂರುತ್ತೆ. ಜಾಲಿ ಮುಳ್ಳು ಇರುವ ಕಡೆ ಒಂದು ಟ್ಯೂಬ್, ಸಣ್ಣ ಪಂಪ್ ಬ್ಯಾಗಲ್ಲಿ ಇರಲಿ.

ಜಯನಗರದ_ಅಪ್ಪ

ಅಣ್ಣ, ಈಗಲೇ ನೋಡಿ ಬಂದೆ. ಲಿವರ್ ನಿಜಕ್ಕೂ ದೂರ ಇತ್ತು. ಸ್ಕ್ರೂ ತಿರುಗಿಸಿ ಕೊಟ್ಟೆ. ಎರಡು ಬೆರಳಲ್ಲೇ ಹಿಡೀತಾಳೆ ಈಗ.

ಅವಳು ಟ್ರೇಲ್‌ಗೆ ತಯಾರಾಗಿದ್ದಾಳಾ ಇಲ್ವಾ ಅಂತ ಮನೆ ಹತ್ತಿರವೇ ತಿಳಿಯೋಕೆ ಏನಾದರೂ ದಾರಿ ಇದೆಯಾ?

ಸಮಾಮಿಶ್_ಕನ್ನಡತಿ

ಇದೆ. ನಾನು ಮಕ್ಕಳ ಜೊತೆ ಪಾರ್ಕಿಂಗ್ ಜಾಗದಲ್ಲಿ ಮಾಡಿಸೋದು ಹೇಳ್ತೀನಿ. ಚಾಕ್‌ಪೀಸಿನಿಂದ ಒಂದು ಗೆರೆ ಎಳೆದು, ಜೋರಾಗಿ ಬಂದು ಮುಂದಿನ ಚಕ್ರ ಗೆರೆ ಮೇಲೆ ನಿಲ್ಲೋ ಹಾಗೆ ಬ್ರೇಕ್ ಹಿಡೀಬೇಕು. ಹಿಂದಿನ ಚಕ್ರ ಕೀರಿಕೊಂಡು ಜಾರಬಾರದು. ಜಾರಿದರೆ ಹಿಂದಿನ ಬ್ರೇಕ್ ಒಂದನ್ನೇ ಹಿಡೀತಿದ್ದಾಳೆ ಅಂತ ಅರ್ಥ. ಎರಡೂ ಕೈಯಲ್ಲಿ ನಿಧಾನವಾಗಿ ಹಿಂಡೋಕೆ ಬರಬೇಕು.

ಆಮೇಲೆ ಸೀಟಿನಿಂದ ಎದ್ದು, ಎರಡೂ ಪೆಡಲ್ ಒಂದೇ ಮಟ್ಟದಲ್ಲಿ ಇಟ್ಟುಕೊಂಡು, ಮೊಣಕಾಲು ಮೊಣಕೈ ಸ್ವಲ್ಪ ಬಗ್ಗಿಸಿ, ತುಳಿಯದೆ ಉದ್ದಕ್ಕೆ ಉರುಳಬೇಕು. ಟ್ರೇಲ್‌ನಲ್ಲಿ ಇಳಿಯೋದೆಲ್ಲ ಇದೇ ಭಂಗಿಯಲ್ಲಿ. ಕೂತೇ ಇಳಿಯುವ ಮಗುವಿಗೆ ಪ್ರತಿ ಕಲ್ಲೂ ಸೀಟಿನಿಂದ ಎತ್ತಿ ಒಗೆಯುತ್ತೆ. ಸೀಟನ್ನು ಒಂದೆರಡು ಇಂಚು ಇಳಿಸಿಕೊಟ್ಟರೆ ಬೇಗ ಕಲೀತಾರೆ.

ಇವೆರಡು ಬಂದರೆ ಹಸಿರು ಮಟ್ಟದ ದಾರಿಗೆ ಅವಳು ತಯಾರು. ನಿಲ್ಲಿಸೋಕೆ ಬರದಿದ್ದರೆ ಯಾವ ಟ್ರೇಲೂ ಸುಲಭ ಅಲ್ಲ.

ಬನಶಂಕರಿ_ರೈಡರ್

ಗೆರೆ ಮೇಲೆ ನಿಲ್ಲಿಸೋದು ಒಳ್ಳೆ ಐಡಿಯಾ. ನಮ್ಮ ಗುಂಪಿನ ದೊಡ್ಡವರಿಗೂ ಮಾಡಿಸಬೇಕು. ಮಣ್ಣುದಾರಿ ಅಕ್ಕ ಹೇಳಿದ ಅಗಲ ದಾರಿಗೆ ನಾನೂ ಒಪ್ತೀನಿ. ಆದರೆ ಒಂದು ಮಾತು ಬಿಡಲ್ಲ: ಸ್ವಲ್ಪ ಸವಾಲು ಇರಲೇಬೇಕು. ಪೂರ್ತಿ ಸಪಾಟು ದಾರಿ ಆದರೆ ಮಕ್ಕಳಿಗೆ ಅರ್ಧ ಗಂಟೆಯಲ್ಲಿ ಬೋರ್ ಆಗುತ್ತೆ.

ಮಣ್ಣುದಾರಿ

ಅದು ನಿಜ ತಮ್ಮಾ, ಅದನ್ನು ನಾನೂ ಒಪ್ತೀನಿ. ಸುತ್ತಿನಲ್ಲಿ ಒಂದೇ ಒಂದು ಜಾಗ ಅವಳಿಗೆ ಸ್ವಲ್ಪ ಭಯ ಆಗೋ ಹಾಗಿರಲಿ. ಒಂದು ಸಣ್ಣ ಇಳಿಜಾರು, ಒಂದು ಬೇರು, ಒಂದು ಒಣ ಹಳ್ಳ. ಆದರೆ ಅದರ ಪಕ್ಕದಲ್ಲಿ ತಪ್ಪಿಸಿಕೊಂಡು ಹೋಗುವ ದಾರಿಯೂ ಇರಬೇಕು. ಹೋಗಲೇಬೇಕು ಅಂತ ಇದ್ದರೆ ಅದು ಒತ್ತಾಯ. ಪಕ್ಕದ ದಾರಿ ಇದ್ದರೆ ಇವತ್ತು ಬೇಡ, ಮುಂದಿನ ಸಲ ಅಂತ ಅವಳೇ ಹೇಳ್ತಾಳೆ. ಆ ಮುಂದಿನ ಸಲ ತಾನಾಗೇ ಬರುತ್ತೆ. ಇಲ್ಲಿ ನಾವು ದೊಡ್ಡವರು ಬಾಯಿ ಮುಚ್ಚಿಕೊಂಡು ಇರೋದು ಬಹಳ ಮುಖ್ಯ. ಕಮಾನ್, ಹೋಗು, ಏನಾಗಲ್ಲ ಅಂತ ಕೂಗಬಾರದು. ನಿಂತು ನೋಡ್ತಿದ್ದಾಳೆ ಅಂದರೆ ಲೆಕ್ಕ ಹಾಕ್ತಿದ್ದಾಳೆ. ಹಾಕಲಿ ಬಿಡಿ.

ತೋಟದಮನೆ

ಸಕಲೇಶಪುರದಿಂದ. ರಜೆಗೆ ಊರಿಗೆ ಬರುವ ಮಕ್ಕಳಿಗೆ ಕಾಫಿ ತೋಟದ ರಸ್ತೆಗಿಂತ ಒಳ್ಳೆ ಜಾಗ ಇಲ್ಲ ಅಂತ ನಮ್ಮ ಅನುಭವ. ಜೀಪ್ ಹೋಗುವಷ್ಟು ಅಗಲ, ಮೇಲೆ ಸಿಲ್ವರ್ ಮರದ ನೆರಳು, ಹೊರಗಿನ ಗಾಡಿ ಬರಲ್ಲ. ಪರಿಚಯದವರ ತೋಟ ಇದ್ದರೆ ಕೇಳಿ ಬನ್ನಿ.

ಆದರೆ ತಿಂಗಳು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಕಲ್ಲಿನ ಮೇಲೆಲ್ಲ ಪಾಚಿ, ಇಂಬಳ ಕಾಟ. ಡಿಸೆಂಬರ್‌ನಿಂದ ಫೆಬ್ರವರಿ ಹವೆ ಬಹಳ ಚೆನ್ನಾಗಿರುತ್ತೆ, ಆದರೆ ಅದು ಕಾಫಿ ಕುಯ್ಲು. ಆಳುಗಳು, ಟ್ರಾಕ್ಟರ್ ಓಡಾಟ ಇರುತ್ತೆ. ತೋಟದವರು ಹೇಳಿದ ಕಡೆ ಮಾತ್ರ ಹೋಗಬೇಕು. ಇನ್ನು ಆನೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ತೋಟದೊಳಗೇ ಆನೆ ಬರ್ತವೆ. ಬೆಳಿಗ್ಗೆ ಎದ್ದು ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ ಹತ್ತಿರವೋ ಆಳುಗಳ ಹತ್ತಿರವೋ ಇವತ್ತು ಆನೆ ಎಲ್ಲಿದೆ ಅಂತ ಕೇಳದೆ ಮಕ್ಕಳನ್ನು ನಾವು ಗೇಟು ದಾಟಿಸಲ್ಲ. ಈ ಕಡೆ ಇದೆ ಅಂದರೆ ಆ ದಿನ ಕಣದಲ್ಲೇ ಸೈಕಲ್.

ಜಯನಗರದ_ಅಪ್ಪ

ಎಲ್ಲರಿಗೂ ಬಹಳ ಧನ್ಯವಾದ. ಹೀಗೆ ಮಾಡೋಣ ಅಂತಿದ್ದೀನಿ, ಸರಿನಾ ಹೇಳಿ. ಈ ವಾರ ಪಾರ್ಕಿಂಗಲ್ಲಿ ಗೆರೆ ಎಳೆದು ಬ್ರೇಕ್ ಅಭ್ಯಾಸ. ಶನಿವಾರ ನಾನೊಬ್ಬನೇ ತುರಹಳ್ಳಿಗೆ ಹೋಗಿ, ಗೇಟಲ್ಲಿ ಸೈಕಲ್ ಬಗ್ಗೆ ಕೇಳಿ, ಅಗಲ ದಾರಿಯಲ್ಲಿ ಕೋಲು ಫೋನ್ ಹಿಡಿದು ನಡೆದು ನೋಡೋದು. 1 ಕಿಲೋಮೀಟರಿನ ಸುತ್ತು ಸಿಕ್ಕರೆ ಮುಂದಿನ ವಾರ ಮಗಳ ಜೊತೆ. ಸಿಗದಿದ್ದರೆ ಆವಲಹಳ್ಳಿ. ನಾನು ಮುಂದೆ ಹೋಗಬೇಕಾ, ಹಿಂದೆ ಹೋಗಬೇಕಾ? ಅವಳ ತಮ್ಮನಿಗೆ 6 ವರ್ಷ, ಅವನೂ ಬರ್ತೀನಿ ಅಂತಾನೆ. ಕರೆದುಕೊಂಡು ಹೋಗಬಹುದಾ?

ಮಣ್ಣುದಾರಿ

ಪ್ಲಾನ್ ಚೆನ್ನಾಗಿದೆ ಸರ್. ಮೊದಲ ಸುತ್ತು ನೀವು ಮುಂದೆ, ನಿಧಾನವಾಗಿ. ನೀವು ಹಿಡಿದ ಗೆರೆಯನ್ನೇ ಅವಳು ಹಿಡೀತಾಳೆ, ನಿಮ್ಮ ವೇಗಕ್ಕೆ ಅವಳ ವೇಗ ಕಟ್ಟಿರುತ್ತೆ. ಎರಡನೇ ಸುತ್ತಿನಿಂದ ಅವಳು ಮುಂದೆ, ನೀವು ಹಿಂದೆ. ಮೂರು ನಾಲ್ಕು ಸೈಕಲ್ ಉದ್ದದಷ್ಟು ಅಂತರ ಬಿಡಿ. ತೀರಾ ಹತ್ತಿರ ಹೋದರೆ ಅವಳು ಥಟ್ಟನೆ ನಿಂತಾಗ ನೀವೇ ಗುದ್ದುತ್ತೀರಿ. ಎದುರಿಗೆ ವಾಕಿಂಗ್ ಮಾಡುವವರು ಬಂದರೆ ನಿಂತು ದಾರಿ ಬಿಡೋದನ್ನೂ ಮೊದಲ ದಿನವೇ ಹೇಳಿಕೊಡಿ.

ತಮ್ಮನನ್ನು ಅದೇ ದಿನ ಬೇಡ. ಇಬ್ಬರು ಮಕ್ಕಳು, ಒಬ್ಬರೇ ದೊಡ್ಡವರು ಅಂದರೆ ಒಬ್ಬರು ಬಿದ್ದಾಗ ಇನ್ನೊಬ್ಬರು ಕಣ್ಣಿಗೆ ಬೀಳಲ್ಲ. ಮನೆಯವರೂ ಬರೋದಾದರೆ ಅವನು ಅವರ ಜೊತೆ ಗೇಟಿನ ಹತ್ತಿರ ಸಪಾಟಾದ ಜಾಗದಲ್ಲಿ ಓಡಿಸಲಿ. ಇಲ್ಲದಿದ್ದರೆ ಅವನಿಗೆ ಇನ್ನೊಂದು ಭಾನುವಾರ ಇಟ್ಟುಕೊಳ್ಳಿ. ಶನಿವಾರ ನಡೆದು ಬಂದ ಮೇಲೆ ಇಳಿಜಾರು ಎಷ್ಟು ಡಿಗ್ರಿ ಬಂತು, ಕಷ್ಟದ ಜಾಗ ಎಲ್ಲಿದೆ ಅಂತ ಇಲ್ಲೇ ಹಾಕಿ. ಇನ್ನೊಬ್ಬ ಅಪ್ಪನಿಗೋ ಅಮ್ಮನಿಗೋ ಉಪಯೋಗ ಆಗುತ್ತೆ.